ಮೆಡಲೀನ್ ಮೆಕ್ಯಾನ್ ಸಾಕ್ಷ್ಯಚಿತ್ರ: ಆ ಮೊದಲ ರಾತ್ರಿಯ ತನಿಖೆ ಬಗ್ಗೆ ಹಾಸನ, ಚಿಕ್ಕಮಗಳೂರಿನವರು ಏನಂತೀರಿ?

ಹೇಮಾವತಿ ದಂಡೆ (ಹಾಸನ)

ನೆಟ್‌ಫ್ಲಿಕ್ಸ್‌ನಲ್ಲಿ 2019ರ ಮಾರ್ಚ್‌ನಲ್ಲಿ ಬಂದ, ಕಾಣೆಯಾದ ಬ್ರಿಟನ್ನಿನ ಮಗು ಮೆಡಲೀನ್ ಮೆಕ್ಯಾನ್ ಕುರಿತ ಸಾಕ್ಷ್ಯಚಿತ್ರದ 8 ಕಂತುಗಳನ್ನೂ ಈಗ ನೋಡಿ ಮುಗಿಸಿದೆ. ಈ ಪ್ರಕರಣದ ಮಾತು ಎಲ್ಲೇ ಬಂದರೂ ಒಂದೇ ಜಗಳ: ಅಪ್ಪ ಅಮ್ಮನ ಕೆಲಸವೋ, ಹೊರಗಿನವನ ಕೆಲಸವೋ ಅಂತ. ಆ ಜಗಳ ಇಲ್ಲಿ ಬೇಡ. 2007ರಿಂದ ಮೂರು ದೇಶದ ಪೊಲೀಸರಿಗೆ ಸಿಗದ ಉತ್ತರ ನಮಗೆ ಸೋಫಾದ ಮೇಲೆ ಕೂತು ಸಿಗಲ್ಲ. ನಾನು ಮಾತಾಡಬೇಕು ಅಂತಿರೋದು ಮೊದಲ ರಾತ್ರಿಯ ಬಗ್ಗೆ ಮಾತ್ರ.

ನೋಡದವರಿಗಾಗಿ ಸ್ವಲ್ಪದರಲ್ಲಿ ಹೇಳ್ತೀನಿ. 2007ರ ಮೇ 3. ಪೋರ್ಚುಗಲ್‌ನ ದಕ್ಷಿಣ ಕರಾವಳಿಯಲ್ಲಿ ಪ್ರಾಯಾ ದ ಲೂಜ್ ಅನ್ನೋ ಸಣ್ಣ ಊರು. ಇಂಗ್ಲೆಂಡಿನಿಂದ ರಜೆಗೆ ಬಂದಿದ್ದ ಡಾಕ್ಟರ್ ದಂಪತಿ, 4 ತುಂಬಲು ಇನ್ನೂ 9 ದಿನ ಇದ್ದ ಮಗಳು ಮೆಡಲೀನ್, 2 ವರ್ಷದ ಅವಳಿ ಮಕ್ಕಳು. ಮೂವರನ್ನೂ ಮಲಗಿಸಿ, 50-60 ಮೀಟರ್ ಆಚೆಯ ರೆಸ್ಟೋರೆಂಟಿನಲ್ಲಿ ಸ್ನೇಹಿತರ ಜೊತೆ ಊಟಕ್ಕೆ ಕೂತಿದ್ದರು. ಆಗಾಗ ಒಬ್ಬೊಬ್ಬರು ಎದ್ದು ಹೋಗಿ ಮಕ್ಕಳನ್ನ ನೋಡಿ ಬರೋದು ಅಂತ ಮಾತಾಗಿತ್ತು. ರಾತ್ರಿ 10ರ ಹೊತ್ತಿಗೆ ತಾಯಿ ಹೋದಾಗ ದೊಡ್ಡ ಮಗಳ ಹಾಸಿಗೆ ಖಾಲಿ.

ಮೊದಲು ಬಂದಿದ್ದು ಹತ್ತಿರದ ಪಟ್ಟಣದ ಇಬ್ಬರು ಪೊಲೀಸರು, ರಾತ್ರಿ 11 ದಾಟಿದ ಮೇಲೆ. ಅಪರಾಧ ತನಿಖೆ ಮಾಡುವ ವಿಭಾಗದವರು ಬಂದಾಗ ನಡುರಾತ್ರಿ ಕಳೆದಿತ್ತು. ಅಷ್ಟರಲ್ಲಿ ಆ ಮನೆಯೊಳಗೆ ಸುಮಾರು 20 ಜನ ಓಡಾಡಿ ಆಗಿತ್ತು. ಇದು ಪೋರ್ಚುಗಲ್ ಪೊಲೀಸ್ ಅಧಿಕಾರಿಯೇ ಆಮೇಲೆ ಹೇಳಿದ ಲೆಕ್ಕ. ಮಕ್ಕಳ ಕೋಣೆ ಬಾಗಿಲಿಗೆ ಅಡ್ಡ ಒಂದು ಟೇಪ್ ಕಟ್ಟಿ, ಮನೆಯನ್ನ ಸೀಲ್ ಮಾಡದೆ ಬೆಳಗಿನ ಜಾವ ಹೊರಟುಹೋದರು. ಮಾರನೇ ದಿನ ಕಿಟಕಿಯ ಶಟರ್ ಮೇಲೆ ಬೆರಳಚ್ಚಿಗಾಗಿ ಪುಡಿ ಹಾಕುತ್ತಿದ್ದ ತಜ್ಞೆಯ ಕೈಗೆ ಗ್ಲೌಸೇ ಇರಲಿಲ್ಲ. ರಸ್ತೆಗೆ ನಾಕಾಬಂದಿ ಹಾಕಿದ್ದು ಬೆಳಿಗ್ಗೆ 10ಕ್ಕೆ ಅಂತ ತಾಯಿ ಹೇಳ್ತಾರೆ. ಗಡಿ ಪೊಲೀಸರಿಗೆ, ಕಡಲ ಪೊಲೀಸರಿಗೆ ಮಗುವಿನ ಚಹರೆ ತಲುಪಲು ಎಷ್ಟೋ ಗಂಟೆ ಹಿಡಿಯಿತು. ಇಂಟರ್‌ಪೋಲ್ ಜಗತ್ತಿಗೆಲ್ಲ ಸೂಚನೆ ಹೊರಡಿಸುವಷ್ಟರಲ್ಲಿ 5 ದಿನ ಕಳೆದಿತ್ತು. ಆ ಊರಿಂದ ಸ್ಪೇನ್ ಗಡಿಗೆ ಕಾರಲ್ಲಿ ಒಂದೂವರೆ, ಹೆಚ್ಚೆಂದರೆ ಎರಡು ಗಂಟೆ. ನಮ್ಮ ಹಾಸನದಿಂದ ಅಷ್ಟು ಹೊತ್ತು ಓಡಿಸಿದರೆ ಶಿರಾಡಿ ಘಾಟಿ ಇಳಿದು ದಕ್ಷಿಣ ಕನ್ನಡ ಸೇರಿರ್ತೀವಿ. ರಾತ್ರಿ 10ರಿಂದ ಬೆಳಿಗ್ಗೆ 10 ಅಂದರೆ ಎಷ್ಟು ದೂರ ಅಂತ ಲೆಕ್ಕ ಹಾಕಿ.

ಕೆಲವು ವಾರ ಕಳೆದ ಮೇಲೆ ಆ ಮನೆಯನ್ನ ಮತ್ತೆ ಪ್ರವಾಸಿಗಳಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಆಮೇಲೆ ಆಗಸ್ಟ್‌ನಲ್ಲಿ ನೆನಪಾಗಿ ಮತ್ತೆ ಸೀಲ್ ಮಾಡಿ ಪರೀಕ್ಷೆ. ಅದನ್ನ ಕೇಳಿದಾಗ ನನಗೆ ಕೂತಲ್ಲಿ ಕೂರೋಕೆ ಆಗಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ನಮ್ಮ ಜಿಲ್ಲೆಗಳಲ್ಲಿ ಇವತ್ತು ರಾತ್ರಿ 10ಕ್ಕೆ ಒಂದು ಮಗು ಕಾಣಿಸಲಿಲ್ಲ ಅಂದರೆ ಬೆಳಿಗ್ಗೆ 10ರ ಒಳಗೆ ಏನೇನು ನಡೆಯುತ್ತೆ? ಗೊತ್ತಿದ್ದವರು ದಯವಿಟ್ಟು ಬರೀರಿ.

ಎರಡು ಮಕ್ಕಳ ತಾಯಿ (ಬೇಲೂರು)

ನಾನೂ ನೋಡಿದೆ. ಪೊಲೀಸರದ್ದು ತಪ್ಪಿದೆ, ಇಲ್ಲ ಅನ್ನಲ್ಲ. ಆದರೆ ನೀವು ಬೇಡ ಅಂದ ಮಾತನ್ನೇ ನಾನು ಆಡ್ತೀನಿ, ಕ್ಷಮಿಸಿ. 4 ತುಂಬದ ಮೂರು ಮಕ್ಕಳನ್ನ ಬಾಗಿಲಿಗೆ ಬೀಗ ಹಾಕದೆ ಬಿಟ್ಟು ಹೋಗಿ ಊಟಕ್ಕೆ ಕೂತರು ಅಂದರೆ ನನ್ನ ಕರುಳು ಒಪ್ಪಲ್ಲ ಕಣ್ರೀ. ಜಾತ್ರೆಗೆ ಹೋದರೆ ನಾವು ಮಕ್ಕಳ ಕೈ ಬಿಡಲ್ಲ. ಪಕ್ಕದ ಮನೆಗೆ ಹೋಗೋದಾದರೂ ಅಜ್ಜಿಗೆ ಹೇಳಿ ಹೋಗ್ತೀವಿ. ಮೊದಲ ತಪ್ಪು ನಡೆದಿದ್ದು ಆ ಊಟದ ಟೇಬಲ್ಲಲ್ಲಿ. ಅದನ್ನ ಬಿಟ್ಟು ಪೊಲೀಸರನ್ನೇ ಬೈದರೆ ಹೇಗೆ?

ತೋಟದವ (ಮೂಡಿಗೆರೆ)

ಬೇಲೂರಿನ ಅಮ್ಮಾವ್ರೆ, ನಿಮ್ಮ ಸಂಕಟ ಅರ್ಥ ಆಗುತ್ತೆ. ಆದರೆ ನಮ್ಮ ಕಡೆಯದ್ದೊಂದು ಹೇಳ್ತೀನಿ, ಕೇಳಿ.

ಕಾಫಿ ಕುಯ್ಲಿನ ಕಾಲದಲ್ಲಿ ನಮ್ಮ ಭಾಗದಲ್ಲಿ ತೋಟದ ಕೂಲಿಯವರಿರುವ ಲೈನ್ ಮನೆಗಳಲ್ಲಿ ಹಗಲು ಹೊತ್ತು ದೊಡ್ಡವರು ಅಂತ ಒಬ್ಬರೂ ಇರಲ್ಲ ಮಾರಾಯ್ರೆ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಗಂಡ ಹೆಂಡತಿ ಇಬ್ಬರೂ ಕುಯ್ಲಿಗೆ ಹೋಗ್ತಾರೆ. 8 ವರ್ಷದ ಅಕ್ಕ 2 ವರ್ಷದ ತಮ್ಮನನ್ನ ನೋಡ್ಕೋಬೇಕು. ಅವರಿಗೆ ಇಲ್ಲಿ ಅಜ್ಜಿ ಎಲ್ಲಿಂದ ಬರಬೇಕು? ಅಲ್ಲಿ ಒಂದು ಮಗು ಕಾಣೆಯಾದರೆ "ನೀನು ಯಾಕೆ ಬಿಟ್ಟು ಹೋದೆ" ಅಂತ ಕೇಳಿ ಹುಡುಕೋದನ್ನ ನಿಲ್ಲಿಸ್ತೀವಾ? ತಂದೆ ತಾಯಿ ಏನೇ ಮಾಡಿರಲಿ, ಮಗುವನ್ನ ಹುಡುಕುವ ಕೆಲಸ ಒಂದು ಚೂರೂ ಕಡಿಮೆ ಆಗಬಾರದು.

ನಮ್ಮ ಪಕ್ಕದ ತೋಟದಲ್ಲಿ ಹೀಗೇ ಆಗಿತ್ತು. ಸಂಜೆ ಕೆಲಸ ಮುಗಿಸಿ ಬಂದರೆ ಹುಡುಗಿ ಇಲ್ಲ. ಕತ್ತಲಾಗೋವರೆಗೂ ಲೈನಿನವರೇ ಹುಡುಕಿದರು. ಆಮೇಲೆ ತೋಟದ ಲೆಕ್ಕ ನೋಡುವ ರೈಟರ್ ಬೈಕಿನಲ್ಲಿ ಅಪ್ಪನನ್ನ ಕೂರಿಸಿಕೊಂಡು ಠಾಣೆಗೆ ಹೋದ. ಅವನಿಗೆ ಕನ್ನಡ ಬಾರದು, ಅರ್ಧಂಬರ್ಧ ಹಿಂದಿ. ಠಾಣೆಯಲ್ಲಿದ್ದವರು ಮೊದಲು ಕೇಳಿದ್ದು ಆಧಾರ್ ಕಾರ್ಡು, ಆಮೇಲೆ ಫೋಟೊ. ಇದ್ದಿದ್ದು ಒಂದೇ ಫೋಟೊ, ಗಾಜು ಒಡೆದ ಫೋನಿನಲ್ಲಿ. ಯಾವುದೋ ಮದುವೆಯಲ್ಲಿ ತೆಗೆದದ್ದು, ಹುಡುಗಿ ಮುಖಕ್ಕೆ ಅಡ್ಡ ಇನ್ಯಾರದ್ದೋ ಕೈ. "ಸುತ್ತಮುತ್ತ ನೋಡ್ರಪ್ಪಾ, ಬೆಳಿಗ್ಗೆ ಬನ್ನಿ" ಅಂತ ಕಳಿಸಿದರು. ರೈಟರ್ ಸುಮ್ಮನಾಗದೆ ಸಾಹುಕಾರರಿಗೆ ಫೋನ್ ಮಾಡಿಸಿದ ಮೇಲೆ ಜೀಪು ಬಂತು. ಹುಡುಗಿ ಸಿಕ್ಕಿದಳು. ಮೇಲಿನ ಲೈನಿನಲ್ಲಿ ಊರಿನ ಕಡೆಯವರ ಮನೆಗೆ ಹೋಗಿ ಮಲಗಿಬಿಟ್ಟಿದ್ದಳು.

ಸಿಕ್ಕಳಲ್ಲ ಅಂತ ಎಲ್ಲರೂ ಮರೆತರು. ನನಗೆ ಇವತ್ತಿಗೂ ಕೊರೆಯೋದು ಇಷ್ಟು. ಫೋನ್ ಮಾಡೋಕೆ ಸಾಹುಕಾರರು ಇಲ್ಲದಿದ್ದರೆ ಆ ಅಪ್ಪ ಬೆಳಗಿನವರೆಗೂ ಎಲ್ಲಿ ಕೂತಿರ್ತಿದ್ದ?

ಹೇಮಾವತಿ ದಂಡೆ (ಹಾಸನ)

ತೋಟದವರೇ, ನನ್ನ ಪ್ರಶ್ನೆಗೆ ಇದೇ ಉತ್ತರ. ಮೆಕ್ಯಾನ್ ದಂಪತಿಗೆ ದುಡ್ಡಿತ್ತು, ಇಂಗ್ಲಿಷ್ ಇತ್ತು, ಬ್ರಿಟನ್ ಸರ್ಕಾರವೇ ಬೆನ್ನಿಗಿತ್ತು. ಅಂಥವರಿಗೇ ಆ ರಾತ್ರಿ ಹಾಗಾಯಿತು. ಭಾಷೆಯೂ ಬಾರದ ಕೂಲಿಯವರ ಗತಿ ಏನು?

ನಿವೃತ್ತ ದಫೇದಾರ್

ಪೊಲೀಸ್ ಇಲಾಖೆಯಲ್ಲಿ ಜೀವಮಾನ ಕಳೆದವನು ನಾನು. ಎರಡೂ ಜಿಲ್ಲೆಗಳಲ್ಲಿ ಕೆಲಸ ಮಾಡಿದ್ದೇನೆ. ಸ್ವಲ್ಪ ಉದ್ದ ಬರೀತೀನಿ, ಬೇಸರ ಮಾಡ್ಕೋಬೇಡಿ.

ಪ್ರಾಯಾ ದ ಲೂಜ್‌ಗೆ ಮೊದಲು ಬಂದ ಪೊಲೀಸರು ಗ್ರಾಮಾಂತರ ಕಾವಲಿನವರು. ಅವರ ಅನುಭವದಲ್ಲಿ ಮಗು ಕಾಣಿಸಲಿಲ್ಲ ಅಂದರೆ ನಿದ್ದೆಗಣ್ಣಲ್ಲಿ ಎದ್ದು ಹೊರಗೆ ಹೋಗಿದೆ, ಬೆಳಗಾಗೋದರೊಳಗೆ ಸಿಗುತ್ತೆ. ನಮ್ಮಲ್ಲೂ ಅದೇ. ಠಾಣೆಗೆ ಬರುವ ಕಾಣೆ ದೂರುಗಳಲ್ಲಿ ಎಷ್ಟೋ ಮಕ್ಕಳು ಒಂದೆರಡು ದಿನದಲ್ಲಿ ಬಂದುಬಿಡ್ತಾರೆ. ಪರೀಕ್ಷೆಯಲ್ಲಿ ಮಾರ್ಕ್ಸ್ ಕಡಿಮೆ ಬಂತು ಅಂತ ಹೋದವನು, ಅಪ್ಪ ಬೈದ ಅಂತ ಅತ್ತೆ ಮನೆಗೆ ಹೋದವಳು. ಹತ್ತು ಸಲ ಹೀಗಾದ ಮೇಲೆ ಹನ್ನೊಂದನೇ ದೂರು ಬಂದಾಗ ಕೈ ತಾನಾಗಿಯೇ ನಿಧಾನ ಆಗುತ್ತೆ. ಅದು ಕೆಟ್ಟ ಮನಸ್ಸಲ್ಲ, ಅಭ್ಯಾಸ. ಆದರೆ ಆ ಹನ್ನೊಂದನೆಯದೇ ನಿಜವಾದದ್ದು ಇರಬಹುದು. ಅದಕ್ಕೇ ಕಾನೂನಿನಲ್ಲಿ ಠಾಣೆಯವರ ಅಂದಾಜಿಗೆ ಜಾಗ ಬಿಟ್ಟಿಲ್ಲ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರಲ್ಲ. ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ, ದತ್ತ ಜಯಂತಿ ಸಮಯದಲ್ಲಿ ಸುತ್ತಲಿನ ಠಾಣೆಗಳಲ್ಲಿ ಎಷ್ಟು ಜನ ಉಳಿದಿರ್ತಾರೆ ಅಂತ ಹೋಗಿ ನೋಡಿ. ಎಲ್ಲರೂ ಬಂದೋಬಸ್ತಿಗೆ. ಠಾಣೆಯಲ್ಲಿ ಒಬ್ಬ ಸೆಂಟ್ರಿ, ಒಬ್ಬ ರೈಟರ್. ಆ ರಾತ್ರಿ ಒಬ್ಬ ತಾಯಿ ಓಡಿ ಬಂದರೆ ಹುಡುಕೋಕೆ ಹೊರಡುವ ಕಾಲು ಯಾವುದು? ಜನ ಕಡಿಮೆ ಅನ್ನೋದು ನೆಪ ಅಲ್ಲ, ನಿಜ. ಆ ನಿಜವನ್ನ ತಾಯಿಗೆ ಉತ್ತರವಾಗಿ ಹೇಳೋ ಹಾಗಿಲ್ಲ, ಅದೂ ನಿಜ.

ಈಗ ಮನೆ ಒಳಗೆ 20 ಜನ ಹೋದ ವಿಚಾರ. ಇದರಲ್ಲಿ ಸಾರ್ವಜನಿಕರಿಗೂ ಹೇಳೋದಿದೆ. ನಮ್ಮ ಹಳ್ಳಿಗಳಲ್ಲಿ ಮಗು ಕಾಣ್ತಿಲ್ಲ ಅಂದ ಕೂಡಲೇ ಇಡೀ ಬೀದಿ ಮನೆ ಒಳಗಿರುತ್ತೆ. ಸಮಾಧಾನ ಮಾಡೋಕೆ ಬಂದವರು ಮಗು ಮಲಗಿದ್ದ ಮಂಚದ ಮೇಲೇ ಕೂರ್ತಾರೆ. ಯಾರೋ ಹೆಂಗಸರು ಪಾಪ, ಮನೆಗೆ ಪೊಲೀಸರು ಬರ್ತಾರೆ ಅಂತ ಕಸ ಗುಡಿಸಿ, ಹಾಸಿಗೆ ಮಡಚಿ ಇಡ್ತಾರೆ. ಬೆಳಿಗ್ಗೆ ಶ್ವಾನದಳ ಬಂದಾಗ ನಾಯಿಗೆ ಮೂಸಿಸೋಕೆ ಮಗುವಿನ ಬಟ್ಟೆ ಕೇಳಿದರೆ ಒಗೆದು ಒಣಗಿಸಿದ ಬಟ್ಟೆ ತಂದುಕೊಡ್ತಾರೆ. ಬೇಕಿರೋದು ಹಿಂದಿನ ದಿನ ತೊಟ್ಟು ಬಿಚ್ಚಿ ಹಾಕಿದ ಬಟ್ಟೆ, ಬೇರೆಯವರ ಕೈ ತಾಗದ ದಿಂಬಿನ ಕವರು.

ಹುಡುಕೋದಾದರೆ ಮೊದಲು ಮನೆಯನ್ನೇ ಹುಡುಕಿ. ಅಟ್ಟ, ಮಂಚದ ಕೆಳಗೆ, ದೊಡ್ಡ ಡ್ರಮ್ಮು, ನಿಲ್ಲಿಸಿದ ಕಾರಿನ ಒಳಗೆ. ಅದಾದ ತಕ್ಷಣ ನೀರು. ನಮ್ಮ ಕಡೆ ತೋಟಕ್ಕೊಂದು ಕೆರೆ, ಹೊಲಕ್ಕೊಂದು ಕೃಷಿ ಹೊಂಡ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಶೀಟ್ ಜಾರುತ್ತೆ, ದೊಡ್ಡವರೇ ಹತ್ತಿ ಬರೋಕೆ ಆಗಲ್ಲ. ಸುತ್ತ ಬೇಲಿ ಇಲ್ಲದ ಹೊಂಡ ನೋಡಿದರೆ ನನಗೆ ಈಗಲೂ ಹೊಟ್ಟೆ ಕಿವುಚುತ್ತೆ. ಇದಕ್ಕೆಲ್ಲ ಪೊಲೀಸರು ಬರೋವರೆಗೂ ಕಾಯಬೇಡಿ. ಆದರೆ ಮಗು ಕೊನೆಗೆ ಇದ್ದ ಕೋಣೆಗೆ ಬಾಗಿಲು ಹಾಕಿ, ಒಬ್ಬರನ್ನ ಹೊರಗೆ ನಿಲ್ಲಿಸಿ.

ಮಲ್ನಾಡ್ ಹುಡ್ಗ (ಸಕಲೇಶಪುರ)

ದಫೇದಾರರೇ, ನಾಯಿ ವಿಷಯ ಬಂತಲ್ಲ, ಕೇಳ್ತೀನಿ. ಸಾಕ್ಷ್ಯಚಿತ್ರದಲ್ಲಿ ಬ್ರಿಟನ್ನಿನಿಂದ ತರಿಸಿದ, ಹೆಣದ ಮತ್ತು ರಕ್ತದ ವಾಸನೆ ಹಿಡಿಯುವ ಎರಡು ನಾಯಿಗಳು ಆ ಮನೆಯಲ್ಲೂ, ದಂಪತಿ ಆಮೇಲೆ ಬಾಡಿಗೆಗೆ ತಗೊಂಡಿದ್ದ ಕಾರಿನಲ್ಲೂ ಸೂಚನೆ ಕೊಡ್ತವೆ. ನಾಯಿಗೆ ಸುಳ್ಳು ಹೇಳೋಕೆ ಬರಲ್ವಲ್ಲ. ಹಾಗಿದ್ದ ಮೇಲೂ ತಂದೆ ತಾಯಿ ಮೇಲೆ ಕೇಸ್ ಯಾಕೆ ನಿಲ್ಲಲಿಲ್ಲ?

ಕರಿ ಕೋಟು (ಹಾಸನ)

ನಾನು ವಕೀಲ, ಕ್ರಿಮಿನಲ್ ಪ್ರಕರಣಗಳನ್ನೇ ಹೆಚ್ಚು ನಡೆಸುವವನು. ಈ ಪ್ರಶ್ನೆಗೆ ಉತ್ತರಿಸುತ್ತೇನೆ.

ನಾಯಿ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅದನ್ನು ನಾವು ಅಡ್ಡಸವಾಲಿಗೆ ನಿಲ್ಲಿಸಲೂ ಆಗುವುದಿಲ್ಲ. ನಾಯಿ ತೋರಿಸಿದ ಜಾಗದಲ್ಲಿ ಪ್ರಯೋಗಾಲಯ ಏನನ್ನಾದರೂ ದೃಢಪಡಿಸಿದರೆ ಅದಕ್ಕೆ ಬೆಲೆ. ಆ ಮಾದರಿಗಳು ಬರ್ಮಿಂಗ್‌ಹ್ಯಾಮ್‌ನ ಪ್ರಯೋಗಾಲಯಕ್ಕೆ ಹೋದವು. ಯಾವ ತೀರ್ಮಾನಕ್ಕೂ ಬರಲಾಗದು ಎಂಬ ಅರ್ಥದ ಉತ್ತರ ಬಂತು. ಆ ಉತ್ತರವನ್ನು ಅದು ಹೇಳಿದ್ದಕ್ಕಿಂತ ಹೆಚ್ಚಾಗಿ ಓದಿಕೊಂಡು 2007ರ ಸೆಪ್ಟೆಂಬರಿನಲ್ಲಿ ತಂದೆ ತಾಯಿಯನ್ನು ಅಧಿಕೃತ ಶಂಕಿತರೆಂದು ಘೋಷಿಸಿದರು. ಅಕ್ಟೋಬರ್‌ನಲ್ಲಿ ತನಿಖೆಯ ಮುಖ್ಯಸ್ಥರನ್ನೇ ಬದಲಾಯಿಸಿದರು, ಅವರು ಬ್ರಿಟಿಷ್ ಪೊಲೀಸರನ್ನು ಬಹಿರಂಗವಾಗಿ ಟೀಕಿಸಿದ್ದರು. 2008ರ ಜುಲೈನಲ್ಲಿ ಸಾಕ್ಷ್ಯ ಸಾಲದೆಂದು ತಂದೆ ತಾಯಿಯ ಮೇಲಿನ ಶಂಕೆ ತೆಗೆದುಹಾಕಿ ಕಡತ ಮುಚ್ಚಿದರು. ನಮ್ಮಲ್ಲಿ ಪತ್ತೆಯಾಗದ ಪ್ರಕರಣಕ್ಕೆ ಸಿ ರಿಪೋರ್ಟ್ ಹಾಕುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಶ್ವಾನದ ಜಾಡೊಂದನ್ನೇ ನಂಬಿ ಶಿಕ್ಷೆ ಕೊಡಲಾಗದು ಎಂಬುದು ನಮ್ಮ ಸುಪ್ರೀಂ ಕೋರ್ಟಿನ ಹಳೆಯ ನಿಲುವು ಕೂಡ.

ಆದರೆ ಈ ಚರ್ಚೆಯಲ್ಲಿ ನಾನು ಹೇಳಲೇಬೇಕಾದದ್ದು ಬೇರೆ. ಪೋರ್ಚುಗಲ್‌ವರೆಗೆ ಯಾಕೆ ಹೋಗಬೇಕು? ನಿಠಾರಿಯನ್ನು ನೆನೆಸಿಕೊಳ್ಳಿ. ದೆಹಲಿ ಪಕ್ಕದ ನೋಯ್ಡಾದ ಆ ಹಳ್ಳಿಯಲ್ಲಿ 2005, 2006ರಲ್ಲಿ ಒಂದರ ಹಿಂದೊಂದು ಮಕ್ಕಳು ಕಾಣೆಯಾದರು. ರಿಕ್ಷಾ ಎಳೆಯುವವರ, ಮನೆಗೆಲಸದವರ ಮಕ್ಕಳು. ಠಾಣೆಗೆ ಹೋದರೆ "ಓಡಿಹೋಗಿರಬೇಕು" ಎಂಬ ಉತ್ತರ. 2006ರ ಡಿಸೆಂಬರ್ ಕೊನೆಗೆ ಒಂದು ಬಂಗಲೆಯ ಹಿಂದಿನ ಚರಂಡಿಯಲ್ಲಿ ಮೂಳೆಗಳು ಸಿಕ್ಕವು. ಆಮೇಲೆ ಪೊಲೀಸರ ಅಮಾನತು, ಸಿಬಿಐ, ಮರಣದಂಡನೆ, ಎಲ್ಲವೂ ನಡೆಯಿತು. ಕೊನೆಗೆ ಏನಾಯಿತು? 2023ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ತನಿಖೆ ನಡೆದ ರೀತಿಯನ್ನೇ ಕಟುವಾಗಿ ಟೀಕಿಸಿ ಇಬ್ಬರು ಆರೋಪಿಗಳನ್ನೂ ತನ್ನ ಮುಂದಿದ್ದ ಪ್ರಕರಣಗಳಲ್ಲಿ ಬಿಡುಗಡೆ ಮಾಡಿತು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಿಂದ ಉಳಿದಿದ್ದ ಕೊನೆಯ ಪ್ರಕರಣದಲ್ಲೂ ಬಿಡುಗಡೆಯಾಯಿತು. ಅಷ್ಟು ಮಕ್ಕಳು ಸತ್ತರು, ಕಾನೂನಿನ ಕಣ್ಣಲ್ಲಿ ಕೊಂದವರು ಯಾರೂ ಇಲ್ಲ. ಮೊದಲು ದೂರು ಬಂದ ದಿನವೇ ಸರಿಯಾಗಿ ತನಿಖೆ ನಡೆದಿದ್ದರೆ ಎಂದು ಯೋಚಿಸಿದರೆ ಎದೆ ಉರಿಯುತ್ತದೆ.

ಕಾನೂನು ಇಲ್ಲ ಎಂದು ಯಾರೂ ಹೇಳಬೇಡಿ. 2013ರ ಮೇ 10ರಂದು ಬಚಪನ್ ಬಚಾವೋ ಆಂದೋಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಮಗು ಕಾಣೆಯಾದ ದೂರು ಬಂದರೆ ಅಪಹರಣ ಅಥವಾ ಸಾಗಣೆ ಎಂದೇ ಮೊದಲು ಭಾವಿಸಿ ಎಫ್‌ಐಆರ್ ದಾಖಲಿಸಬೇಕು. ಅದೇ ವರ್ಷ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಇಂಥ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂಬ ಐವರು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು. ಆ ಪ್ರಕರಣದ ಮೂಲವೇ ಅಪಹರಣವಾದ ಮಗಳಿಗಾಗಿ ಠಾಣೆಗೆ ದೂರು ಕೊಟ್ಟರೂ ಕ್ರಮ ಕಾಣದ ಒಬ್ಬ ಅಪ್ಪ. 24 ಗಂಟೆ ಕಾಯಬೇಕು ಎಂಬ ನಿಯಮ ಎಲ್ಲಿಯೂ ಇಲ್ಲ. ಯಾರಾದರೂ ಹಾಗೆ ಹೇಳಿದರೆ ಅದು ಅವರ ಬಾಯಿಮಾತು, ಕಾನೂನಲ್ಲ. 4 ತಿಂಗಳಲ್ಲಿ ಮಗು ಪತ್ತೆಯಾಗದಿದ್ದರೆ ತನಿಖೆ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು ಎಂದೂ ಬಾಲನ್ಯಾಯ ನಿಯಮಗಳಲ್ಲಿದೆ.

ಅರಸೀಕೆರೆ ಜಂಕ್ಷನ್

ಯಾರೂ ರೈಲಿನ ಬಗ್ಗೆ ಬರೆದಿಲ್ಲ, ಅದಕ್ಕೇ ಬರೀತಿದೀನಿ. ನಮ್ಮ ಊರಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಾಗೋದರಲ್ಲಿ ಹುಬ್ಬಳ್ಳಿ ದಾಟಿರ್ತೀರಿ. ಇತ್ತ ಹಾಸನ, ಸಕಲೇಶಪುರ ದಾಟಿ ಘಾಟಿ ಇಳಿದರೆ ಕರಾವಳಿ. ಓಡಿಹೋಗುವ ಹುಡುಗರಾಗಲಿ, ಮಕ್ಕಳನ್ನ ಕರ್ಕೊಂಡು ಹೋಗುವ ದುಷ್ಟರಾಗಲಿ ಪ್ಲಾಟ್‌ಫಾರ್ಮಿಗೆ ಬಂದೇ ಬರ್ತಾರೆ. ಆದರೆ ಊರಿನ ಠಾಣೆ ಬೇರೆ, ರೈಲ್ವೆ ಪೊಲೀಸ್ ಬೇರೆ, ರೈಲ್ವೆ ರಕ್ಷಣಾ ಪಡೆ ಅಂದರೆ ಆರ್‌ಪಿಎಫ್ ಬೇರೆ. ಹಳ್ಳಿಯ ಅಪ್ಪನಿಗೆ ಇದು ಹೇಗೆ ಗೊತ್ತಾಗಬೇಕು? ಅಲ್ಲಿ ಹೋದರೆ ಇಲ್ಲಿಗೆ ಹೋಗು, ಇಲ್ಲಿ ಬಂದರೆ ಅಲ್ಲಿಗೆ ಹೋಗು.

ನನ್ನ ಪರಿಚಯದವರಿಗೆ ಹೀಗೇ ಆಯ್ತು. ಮಗು ಕಾಣೆಯಾಗಿದ್ದು ಬಸ್ಸಿಂದ ಇಳಿದು ಸ್ಟೇಷನ್ನಿಗೆ ನಡೆಯುವ ದಾರಿಯಲ್ಲಿ. ಜಾಗ ಯಾರ ಸರಹದ್ದು ಅನ್ನೋ ಮಾತಲ್ಲೇ ಎರಡು ರೈಲು ಹೊರಟುಹೋದವು. ಒಬ್ಬ ಟೀ ಮಾರುವ ಹುಡುಗನೇ ಮಗುವನ್ನ ಗುರುತಿಸಿ ಕೈ ಹಿಡ್ಕೊಂಡು ನಿಂತಿದ್ದ.

ಕರಿ ಕೋಟು (ಹಾಸನ)

ಅರಸೀಕೆರೆಯವರೇ, ಇದಕ್ಕೆ ಉತ್ತರ ಈಗ ಕಾನೂನಿನಲ್ಲೇ ಬರೆದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಜನ ಇದನ್ನೇ ಝೀರೊ ಎಫ್‌ಐಆರ್ ಅನ್ನುವುದು. ಸರಹದ್ದು ನಮ್ಮದಲ್ಲ ಎಂದು ವಾಪಸ್ ಕಳಿಸುವ ಹಾಗಿಲ್ಲ.

ಮೇಷ್ಟ್ರು (ಕಡೂರು)

ಸಾಕ್ಷ್ಯಚಿತ್ರದಲ್ಲಿ ನನ್ನ ಮನಸ್ಸಿಗೆ ನಾಟಿದ ವಿಷಯ ಆ ಮಗುವಿನ ಬಲಗಣ್ಣು. ಕಪ್ಪು ಪಾಪೆಯಿಂದ ಕೆಳಕ್ಕೆ ಒಂದು ಗೀರು ಇಳಿದ ಹಾಗೆ ಕಾಣುವ ಗುರುತು. ಲಕ್ಷ ಮಕ್ಕಳ ನಡುವೆ ನಿಂತರೂ ಹೇಳಿಬಿಡಬಹುದಾದ ಗುರುತು. ಜಗತ್ತಿನಾದ್ಯಂತ ಹಂಚಿದ ಪೋಸ್ಟರುಗಳಲ್ಲಿ ಆ ಕಣ್ಣನ್ನೇ ಎತ್ತಿ ತೋರಿಸಿದರು.

ಈಗ ನಮ್ಮ ಪತ್ರಿಕೆಗಳ ಒಳಪುಟದಲ್ಲಿ ಬರುವ "ಕಾಣೆಯಾಗಿದ್ದಾರೆ" ಪ್ರಕಟಣೆಯನ್ನು ಓದಿ ನೋಡಿ. ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಇಷ್ಟು ಅಡಿ ಎತ್ತರ, ಕನ್ನಡ ಮಾತನಾಡುತ್ತಾನೆ. ನನ್ನ ತರಗತಿಯ ಅರ್ಧ ಮಕ್ಕಳು ಆ ವಿವರಣೆಗೆ ಹೊಂದುತ್ತಾರೆ. ಪಕ್ಕದಲ್ಲಿ ಅಂಚೆ ಚೀಟಿಯಷ್ಟು ಫೋಟೊ, ಮಸಿ ಹರಡಿ ಮೂಗು ಬಾಯಿ ಒಂದಾಗಿರುತ್ತದೆ. ಪ್ರಕಟವಾಗುವ ಹೊತ್ತಿಗೆ ಮಗು ಹೋಗಿ ವಾರ ಕಳೆದಿರುವುದೂ ಉಂಟು. ಈ ಪ್ರಕಟಣೆ ಬರೆಯುವವರಿಗೆ ನನ್ನ ಕಳಕಳಿಯ ಕೋರಿಕೆ: ಮಗುವಿಗೆ ಮಾತ್ರ ಇರುವ ಒಂದು ಗುರುತನ್ನಾದರೂ ಬರೆಯಿರಿ. ಮೊಣಕೈ ಮೇಲಿನ ಸುಟ್ಟ ಕಲೆ, ಮುಂದಿನ ಮುರಿದ ಹಲ್ಲು, ಎಡಗೈಯಲ್ಲಿ ಬರೆಯುವ ಅಭ್ಯಾಸ, ಮಾತಾಡುವಾಗ ತೊದಲು. ತಾಯಿಯನ್ನು ಕೂರಿಸಿ ಕೇಳಿದರೆ ಐದು ನಿಮಿಷದಲ್ಲಿ ಹೇಳುತ್ತಾಳೆ.

ನಾವು ಶಾಲೆಯಲ್ಲಿ ದಾಖಲಾತಿಯ ವೇಳೆ ಎರಡು ದೇಹದ ಗುರುತು ಬರೆದುಕೊಳ್ಳುತ್ತೇವೆ. ಎಷ್ಟೋ ಕಡೆ ಅದನ್ನು ನೋಡದೆಯೇ "ಬಲಗೈ ಮೇಲೆ ಮಚ್ಚೆ" ಎಂದು ಎಲ್ಲರಿಗೂ ತುಂಬುವ ರೂಢಿಯಿದೆ. ಅದು ನಿಲ್ಲಬೇಕು. ಪ್ರತಿ ವರ್ಷ ಜೂನ್‌ನಲ್ಲಿ ಮಕ್ಕಳ ಹೊಸ ಫೋಟೊ ತೆಗೆದಿಡಬೇಕು. ಬೆಳೆಯುವ ಮಕ್ಕಳ ಮುಖ ಎರಡು ವರ್ಷಕ್ಕೆ ಬೇರೆಯಾಗುತ್ತದೆ. ಮೂಡಿಗೆರೆಯ ತೋಟದವರು ಬರೆದ ಆ ಮದುವೆ ಫೋಟೊ ಓದಿದ ಮೇಲೆ, ವಲಸೆ ಬಂದವರ ಮಕ್ಕಳಿಗೆ ಇದನ್ನು ಅಂಗನವಾಡಿಯಲ್ಲಾದರೂ ಮಾಡಬೇಕು ಅನ್ನಿಸಿತು.

ಎರಡು ಮಕ್ಕಳ ತಾಯಿ (ಬೇಲೂರು)

ತೋಟದವರು ಬರೆದದ್ದನ್ನ ಓದಿ ರಾತ್ರಿಯೆಲ್ಲ ಯೋಚನೆ ಮಾಡಿದೆ. ಮಕ್ಕಳನ್ನ ಒಂಟಿಯಾಗಿ ಬಿಡಬಾರದು ಅನ್ನೋ ನನ್ನ ಮಾತು ನನಗೆ ಈಗಲೂ ಸರಿ. ಹುಡುಕೋ ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ ಅನ್ನೋದನ್ನೂ ಒಪ್ತೀನಿ.

ಮೇಷ್ಟ್ರೇ, ಫೋಟೊ ವಿಷಯದಲ್ಲಿ ಒಂದು ಭಯ ಇದೆ. ವಾಟ್ಸಾಪ್‌ನಲ್ಲಿ ಬರುವ ಕಾಣೆಯಾದ ಮಕ್ಕಳ ಫೋಟೊ ಯಾವ ಕಾಲದ್ದು ಅಂತಲೇ ತಿಳಿಯಲ್ಲ. ದಿನಾಂಕ ಇರಲ್ಲ, ಠಾಣೆ ಹೆಸರಿರಲ್ಲ. ಮಗು ಸಿಕ್ಕಿ ಎಷ್ಟೋ ವರ್ಷ ಆದರೂ ಆ ಫೋಟೊ ಊರೂರು ತಿರುಗ್ತಾ ಇರುತ್ತೆ. ಅದರ ಜೊತೆಗೆ "ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರ್" ಅನ್ನೋ ಸಂದೇಶ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯ್ತು ನೆನಪಿದೆಯಲ್ಲ? ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಅಂತ ಕಳ್ಳರೆಂದು ತಿಳಿದು ಹೊಡೆದರು. ಹೈದರಾಬಾದಿನಿಂದ ಬಂದಿದ್ದ ಇಂಜಿನಿಯರ್ ಹುಡುಗನ ಜೀವ ಹೋಯ್ತು. ಅವನೂ ಒಬ್ಬ ತಾಯಿ ಮಗ. ಮಗು ಹುಡುಕೋ ಹೆಸರಲ್ಲಿ ಇದು ನಡೀಬಾರದು.

ಹೇಮಾವತಿ ದಂಡೆ (ಹಾಸನ)

ಅಕ್ಕಾ, ತುಂಬಾ ಸರಿಯಾದ ಮಾತು. ಮೆಡಲೀನ್ ಪ್ರಕರಣದಲ್ಲೂ ಜನ ಬೇಟೆಗೆ ಇಳಿದರು, ಅಲ್ಲಿ ಕೈಗೆ ಬಂದ ಆಯುಧ ಪತ್ರಿಕೆ. ಹುಡುಕೋಕೆ ನೆರವಾಗಲು ಬಂದು ಭಾಷಾಂತರ ಮಾಡಿಕೊಡ್ತಿದ್ದ ಅಲ್ಲಿನ ಒಬ್ಬ ನಿವಾಸಿಯನ್ನೇ ಮೊದಲ ಶಂಕಿತ ಮಾಡಿದರು. ಬ್ರಿಟನ್ನಿನ ಪತ್ರಿಕೆಗಳು ಅವನ ಮೇಲೆ ಮನಸ್ಸಿಗೆ ಬಂದದ್ದು ಬರೆದವು. ಕೊನೆಗೆ ಎಲ್ಲ ಸುಳ್ಳಾಗಿ 2008ರಲ್ಲಿ ಆ ಪತ್ರಿಕೆಗಳು 6 ಲಕ್ಷ ಪೌಂಡ್ ಪರಿಹಾರ ಕಟ್ಟಿದವು. ಅದೇ ವರ್ಷ ತಂದೆ ತಾಯಿಗೂ ಒಂದು ಪತ್ರಿಕಾ ಸಮೂಹ ಕ್ಷಮೆ ಕೇಳಿ 5.5 ಲಕ್ಷ ಪೌಂಡ್ ಕೊಟ್ಟಿತು. ದುಡ್ಡು ಬಂತು, ಮಗುವಂತೂ ಬರಲಿಲ್ಲ. ಆ ಪುಟಗಳಲ್ಲಿ ಬರಬೇಕಿದ್ದ ನಿಜವಾದ ಸುಳಿವಿನ ಜಾಗವೂ ಹೋಯ್ತು.

ಸುಳಿವು ಅಂದಾಗ ಇನ್ನೊಂದು. ಆ ರಾತ್ರಿ 9.15ರ ಸುಮಾರಿಗೆ ಮಗುವನ್ನ ಎತ್ತಿಕೊಂಡು ಹೋಗ್ತಿದ್ದ ಗಂಡಸನ್ನ ಅವರ ಸ್ನೇಹಿತೆಯೊಬ್ಬರು ನೋಡಿದ್ದರು. ವರ್ಷಗಟ್ಟಲೆ ಜಗತ್ತೆಲ್ಲ ಆ ಗಂಡಸಿನ ಹಿಂದೆ. 2011ರಲ್ಲಿ ಲಂಡನ್ ಪೊಲೀಸರು ಹೊಸದಾಗಿ ಪರಿಶೀಲನೆ ಶುರುಮಾಡಿ, 2013ರಲ್ಲಿ ಹೇಳಿದ್ದೇನು ಗೊತ್ತಾ? ಅವನು ತನ್ನದೇ ಮಗುವನ್ನ ರಾತ್ರಿ ಶಿಶುಪಾಲನಾ ಕೇಂದ್ರದಿಂದ ಕರ್ಕೊಂಡು ಹೋಗ್ತಿದ್ದ ಪ್ರವಾಸಿ ಅನ್ನೋದು ಬಹುತೇಕ ಖಚಿತ ಅಂತ. ಆಗ ಅವರ ಗಮನ 10 ಗಂಟೆ ಹೊತ್ತಿಗೆ ಒಂದು ಐರಿಷ್ ಕುಟುಂಬ ನೋಡಿದ್ದ ಇನ್ನೊಬ್ಬ ಗಂಡಸಿನ ಕಡೆ ತಿರುಗಿತು. 6 ವರ್ಷ! ಮೊದಲ ವಾರದಲ್ಲೇ ರೆಸಾರ್ಟಿನಲ್ಲಿದ್ದ ಪ್ರತಿಯೊಬ್ಬ ಅತಿಥಿಯನ್ನ ಕೂರಿಸಿ "ಆ ಹೊತ್ತಿಗೆ ನೀವು ಎಲ್ಲಿದ್ರಿ, ಕೈಯಲ್ಲಿ ಮಗು ಇತ್ತಾ" ಅಂತ ಕೇಳಿ ತಾಳೆ ನೋಡಿದ್ದರೆ ಮುಗಿದುಹೋಗ್ತಿತ್ತು. ಇದಕ್ಕೆ ಡಿಎನ್‌ಎ ಬೇಡ, ನಾಯಿ ಬೇಡ. ಒಂದು ನೋಟ್‌ಬುಕ್ಕು, ತಾಳ್ಮೆ ಸಾಕು.

ಸಾಕ್ಷ್ಯಚಿತ್ರ ಬಂದ ಮರುವರ್ಷ, 2020ರಲ್ಲಿ, ಜರ್ಮನಿಯ ಪೊಲೀಸರು ತಮ್ಮ ದೇಶದ ಒಬ್ಬನನ್ನ ಶಂಕಿತ ಅಂದರು. ಅದೇ ಊರಲ್ಲಿ 2005ರಲ್ಲಿ ವೃದ್ಧೆಯೊಬ್ಬರ ಮೇಲೆ ಅತ್ಯಾಚಾರ ಮಾಡಿದ್ದಕ್ಕೆ ಶಿಕ್ಷೆಯಾದವನು. ಮೆಡಲೀನ್ ವಿಷಯದಲ್ಲಿ ತಾನಲ್ಲ ಅಂತಾನೆ. ಈ ಪ್ರಕರಣದಲ್ಲಿ ಅವನ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಗದೆಯೇ, ಹಳೆ ಶಿಕ್ಷೆ ಮುಗಿಸಿ 2025ರ ಸೆಪ್ಟೆಂಬರ್‌ನಲ್ಲಿ ಜೈಲಿಂದ ಹೊರಬಂದ. ಅವನೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಮೊದಲ ರಾತ್ರಿ ಆ ಕೋಣೆಯನ್ನ ಕಾಪಾಡಿಕೊಂಡಿದ್ದರೆ, ಹೌದು ಅಂತಲೋ ಅಲ್ಲ ಅಂತಲೋ ಹೇಳೋಕೆ ಏನಾದರೂ ಕೈಯಲ್ಲಿ ಇರ್ತಿತ್ತು.

ನಿವೃತ್ತ ದಫೇದಾರ್

ಅತಿಥಿಗಳ ಪಟ್ಟಿ ವಿಷಯ ನೂರಕ್ಕೆ ನೂರು ಒಪ್ತೀನಿ. ಈಗಿನ ಹುಡುಗರು ಮೊಬೈಲ್ ಟವರ್ ಡಂಪ್, ಸಿಡಿಆರ್ (ಫೋನ್ ಕರೆಗಳ ಪಟ್ಟಿ), ಸಿಸಿಟಿವಿ ಅಂತ ಮೊದಲೇ ಕಂಪ್ಯೂಟರ್ ಮುಂದೆ ಕೂತುಬಿಡ್ತಾರೆ. ಬೇಕು, ಬೇಡ ಅನ್ನಲ್ಲ. ಆದರೆ ನಮ್ಮ ಮಲೆನಾಡಿನ ತೋಟದ ದಾರಿಯಲ್ಲಿ ಸಿಗ್ನಲ್ಲೂ ಇಲ್ಲ, ಕ್ಯಾಮೆರಾನೂ ಇಲ್ಲ. ಅಲ್ಲಿ ಹಾಲಿನ ಡೇರಿಗೆ ಬಂದವರು, ಕೊನೇ ಬಸ್ಸಿನ ಕಂಡಕ್ಟರ್, ಮೆಣಸು ಕೊಳ್ಳೋಕೆ ಬಂದ ವ್ಯಾಪಾರಿ, ಸೌದೆ ಹೊತ್ತು ಬಂದ ಹೆಂಗಸರು, ಇವರೇ ಸಾಕ್ಷಿ. ಅವರನ್ನ ಮಾರನೇ ದಿನವೇ ಕೇಳಬೇಕು. ವಾರ ಬಿಟ್ಟರೆ ಯಾವ ದಿನ ಏನು ನೋಡಿದೆ ಅನ್ನೋದು ಕಲಸಿಹೋಗುತ್ತೆ.

ಒಂದು ಮಾತಿಗೆ ಮಾತ್ರ ನನ್ನ ಅಸಮಾಧಾನ ಇದೆ. ಎಲ್ಲ ಮುಗಿದ ಮೇಲೆ 8 ಕಂತಿನಲ್ಲಿ ನೋಡುವಾಗ ಎಲ್ಲವೂ ಸ್ಪಷ್ಟ ಕಾಣುತ್ತೆ. ಆ ರಾತ್ರಿ ಬಾಗಿಲಲ್ಲಿ ನಿಂತ ಕಾನ್‌ಸ್ಟೇಬಲ್‌ಗೆ ಇದು 20 ವರ್ಷ ನಡೆಯುವ ಪ್ರಕರಣ ಅಂತ ಗೊತ್ತಿರಲಿಲ್ಲ.

ತೋಟದವ (ಮೂಡಿಗೆರೆ)

ಗೊತ್ತಿರಲಿಲ್ಲ ನಿಜ ಸ್ವಾಮಿ. ಆದರೆ ತಾಯಿಗೆ ಗೊತ್ತಿತ್ತಲ್ಲ. ತೆಗೆದುಕೊಂಡು ಹೋಗಿದ್ದಾರೆ ಅಂತ ಆಕೆ ಆ ಕ್ಷಣದಿಂದಲೇ ಕೂಗ್ತಿದ್ದಳು. ಅದನ್ನ ಕೇಳಿಸಿಕೊಳ್ಳೋಕೆ ಸಾಕ್ಷ್ಯಚಿತ್ರ ಬೇಕಿರಲಿಲ್ಲ.

ಅರಸೀಕೆರೆ ಜಂಕ್ಷನ್

ವಕೀಲರೇ, ಒಂದು ಕೊನೇ ಪ್ರಶ್ನೆ. ಇಷ್ಟೆಲ್ಲ ಕಾನೂನು ಹೇಳಿದರೂ ಠಾಣೆಯಲ್ಲಿ "ನಾಳೆ ಬಾ" ಅಂದರೆ ಆ ಹೊತ್ತಲ್ಲಿ ಮಾಡೋದೇನು? ನಾನು ಇದನ್ನ ನಮ್ಮ ಆಟೋ ಸ್ಟ್ಯಾಂಡಿನಲ್ಲಿ ಬರೆದು ಅಂಟಿಸ್ತೀನಿ, ಅರ್ಥ ಆಗೋ ಹಾಗೆ ಹೇಳಿ.

ಕರಿ ಕೋಟು (ಹಾಸನ)

ಠಾಣೆಗೆ ಹೊರಡುವ ಮೊದಲೇ 112ಕ್ಕೆ ಕರೆ ಮಾಡಿ. ಕರೆ ದಾಖಲಾಗುತ್ತದೆ, ಸಮಯವೂ ದಾಖಲಾಗುತ್ತದೆ. ನಂತರ ಯಾರೂ "ತಡವಾಗಿ ಬಂದರು" ಎನ್ನಲು ಆಗುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೂ ಮಾಡಿ. ಅವರಿಗೆ ಮಕ್ಕಳ ಕಲ್ಯಾಣ ಸಮಿತಿಯ ಜೊತೆ ಸಂಪರ್ಕವಿರುತ್ತದೆ.

ದೂರನ್ನು ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಿರಿ. ಮಗುವಿನ ವಯಸ್ಸು, ಕೊನೆಗೆ ನೋಡಿದ ಜಾಗ, ಹೊತ್ತು, ತೊಟ್ಟ ಬಟ್ಟೆ, ಮೇಷ್ಟ್ರು ಹೇಳಿದಂಥ ಗುರುತು, ಅನುಮಾನವಿದ್ದರೆ ಅದು. ಆಧಾರ್ ಇಲ್ಲವೆಂದು ದೂರು ನಿರಾಕರಿಸುವಂತಿಲ್ಲ. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿದರೂ ಅವರೇ ಬರೆದುಕೊಂಡು ಓದಿ ಹೇಳಬೇಕು. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. "ದೂರು ಬಂದಿದೆ ಅಂತ ಹಿಂಬರಹ ಕೊಡ್ತೀವಿ, ಎಫ್‌ಐಆರ್ ಆಮೇಲೆ" ಎಂದರೆ ಮಗುವಿನ ವಿಷಯದಲ್ಲಿ ಒಪ್ಪಬೇಡಿ.

ನಿರಾಕರಿಸಿದರೆ ಅದೇ ದೂರನ್ನು ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಲು ಅದೇ ಸಂಹಿತೆಯ 173(4)ರಲ್ಲಿ ಅವಕಾಶವಿದೆ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಅಂಚೆ ರಶೀದಿಯನ್ನು ಕಳೆಯಬೇಡಿ. ಆದರೆ ರಾತ್ರಿ ಹೊತ್ತಿನಲ್ಲಿ ಅಂಚೆಗೆ ಕಾಯಲಾಗದು. ಆಗ ಎಸ್‌ಪಿ ಕಚೇರಿಯ ಕಂಟ್ರೋಲ್ ರೂಮಿಗೆ ಫೋನ್ ಮಾಡಿ, ಯಾವ ಠಾಣೆಯಲ್ಲಿ ಎಷ್ಟು ಹೊತ್ತಿಗೆ ಯಾರು ವಾಪಸ್ ಕಳಿಸಿದರು ಎಂದು ಹೇಳಿ. ಆಟೋ ಸ್ಟ್ಯಾಂಡಿಗೆ ಅಂಟಿಸುವಾಗ ಈ ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಹಿಂದಿ ಬಲ್ಲವರು ಇದ್ದರೆ ಕೆಳಗೆ ಹಿಂದಿಯಲ್ಲೂ ಬರೆಸಿ. ಮೂಡಿಗೆರೆಯ ತೋಟದವರು ಲೈನ್ ಮನೆಗಳ ಹತ್ತಿರ ಅಂಟಿಸಲು ಬೇಕೆಂದರೆ ನಾನೇ ಎರಡೂ ಭಾಷೆಯಲ್ಲಿ ಟೈಪ್ ಮಾಡಿಸಿ ಕಳಿಸುತ್ತೇನೆ.